ಮತ್ತೆ ಸತ್ತೆಯೇನೋ?

ಪ್ರಿನ್ಸ್ ಆಫ್ ಪರ್ಷಿಯಾ ಎಂಬ ಹಳೇ ಕಂಪ್ಯೂಟರ್ ಆಟದಲ್ಲಿ ಸಂಗೀತ ಇರುವುದೇ ಅಷ್ಟಿಷ್ಟು. ಶುರುವಿಗೊಂದು, ರಾಜಕುಮಾರಿಯ ಕೋಣೆಗೊಂದು, ಕಾವಲುಗಾರನನ್ನು ಕೆಡವಿದರೆ ಒಂದು, ನಾವೇ ಬಿದ್ದರೆ ಇನ್ನೊಂದು. ಉಳಿದ ಹೊತ್ತೆಲ್ಲ ನೆಲಮಾಳಿಗೆಯಲ್ಲಿ ಓಡುವ ಹೆಜ್ಜೆ ಸದ್ದು, ಸರಳಿನ ಬಾಗಿಲು ಕಿರ್ರೆಂದು ಏರಿಳಿಯುವ ಸದ್ದು. ಅಪರೂಪಕ್ಕೆ ಬಂದದ್ದಕ್ಕೇ ಇರಬೇಕು, ಆ ಸ್ವರಗಳು ಇವತ್ತಿಗೂ ಕಿವಿ ಬಿಟ್ಟಿಲ್ಲ. ಈಗಿನ ಆಟಗಳ ಎಡೆಬಿಡದ ಹಿನ್ನೆಲೆ ಸಂಗೀತ ನನಗೆ ಮದುವೆಮನೆಯ ವಾಲಗದ ಹಾಗೆ. ಊಟಕ್ಕೆ ಕೂತವರು ಯಾರೂ ಕೇಳುತ್ತಿರುವುದಿಲ್ಲ.

ಶಿವಮೊಗ್ಗದ ಗೋಪಾಳದಲ್ಲಿದ್ದ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಅಕ್ಕನ ಡಿಟಿಪಿ ಕೆಲಸಕ್ಕೆ. ಅವಳು ಲಗ್ನಪತ್ರಿಕೆ ಟೈಪ್ ಮಾಡಿ ಎದ್ದಮೇಲೆ ಕುರ್ಚಿ ನನ್ನದು. ಸೌಂಡ್ ಕಾರ್ಡ್ ಇರಲಿಲ್ಲ. ಡಬ್ಬದೊಳಗಿನ ಪುಟ್ಟ ಸ್ಪೀಕರ್ ಒಂದು ಸಲಕ್ಕೆ ಒಂದೇ ಸ್ವರ ಕೂಗುತ್ತಿತ್ತು. ಆಟ ಮುಗಿಸಲು 60 ನಿಮಿಷ ಗಡುವು. ಜೋಗದ ನೀರಿಂದ ನಾಡಿಗೆಲ್ಲ ಕರೆಂಟ್ ಕೊಡುವ ಜಿಲ್ಲೆಯಲ್ಲಿ ಸತತ ಒಂದು ಗಂಟೆ ಕರೆಂಟ್ ಸಿಗುವುದು ಆಟದ ಖಳ ವಜೀರ ಜಾಫರನನ್ನು ಕೊಲ್ಲುವುದಕ್ಕಿಂತ ಕಷ್ಟವಿತ್ತು.

ಅಪ್ಪನಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ. ನೈಟ್ ಶಿಫ್ಟ್ ಮುಗಿಸಿ ಬಂದು, ತಿಂಡಿ ತಿಂದು ಮಲಗಿದರೆ ಗೋಡೆಯಾಚೆ ನನ್ನ ಕತ್ತಿವರಸೆ. ಕಂಟ್ರೋಲ್ ಎಸ್ ಒತ್ತಿದರೆ ಸದ್ದು ನಿಲ್ಲುತ್ತಿತ್ತು. ಆದರೆ ಸದ್ದಿಲ್ಲದೆ ಆಡುವುದು ಆಗದ ಮಾತು. ನೆಲದಿಂದ ಚಿಮ್ಮುವ ಮೊಳೆ, ಕಚಕ್ಕೆಂದು ಮುಚ್ಚುವ ಉಕ್ಕಿನ ದವಡೆ, ಇವುಗಳ ಲಯ ಹಿಡಿಯಬೇಕಾದ್ದು ಕಿವಿಯಿಂದಲೇ. ಕ್ರಮೇಣ ಅಪ್ಪನಿಗೂ ಎಲ್ಲ ಬಾಯಿಪಾಠವಾಯಿತು. ಸೋಲಿನ ರಾಗ ಬಂದಿದ್ದೇ ತಡ, ಹೊದಿಕೆಯೊಳಗಿಂದ “ಮತ್ತೆ ಸತ್ತೆಯೇನೋ?” ಗೆದ್ದರೆ ಮಾತಿಲ್ಲ, ಮಗ್ಗುಲು ಬದಲಿಸುತ್ತಿದ್ದರು.

ಆ ರಾಗ ಕಟ್ಟಿದ್ದೂ ಒಬ್ಬ ಅಪ್ಪನೇ ಎಂದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. 1989ರಲ್ಲಿ ಆಪಲ್ 2 ಯಂತ್ರಕ್ಕೆ ಈ ಆಟ ಬರೆದವನು ಜೋರ್ಡನ್ ಮೆಕ್ನರ್, ಆಗಿನ್ನೂ ಇಪ್ಪತ್ತೈದರ ಯುವಕ. ತಮ್ಮ ಡೇವಿಡ್‌ನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಆ ಚಿತ್ರಗಳನ್ನು ಒಂದೊಂದಾಗಿ ತಿದ್ದಿ ರಾಜಕುಮಾರನಿಗೆ ಮೈ ಕೊಟ್ಟ. ಸಂಗೀತ ತಂದೆ ಫ್ರಾನ್ಸಿಸ್ ಅವರದು. ವೃತ್ತಿಯಲ್ಲಿ ಮನಶ್ಶಾಸ್ತ್ರಜ್ಞರು, ವಿಯೆನ್ನಾದಲ್ಲಿ ಹುಟ್ಟಿ ನಾಜಿಗಳ ಕಾಟಕ್ಕೆ ಬಾಲ್ಯದಲ್ಲೇ ಊರು ಬಿಟ್ಟವರು. ಆ ಯಂತ್ರದಲ್ಲಿ ಚಿತ್ರ ಓಡಿಸಬೇಕಾದ್ದೂ ಸ್ಪೀಕರ್ ನುಡಿಸಬೇಕಾದ್ದೂ ಒಂದೇ ಪ್ರೊಸೆಸರ್. ಅದು ಹಾಡುತ್ತ ಕೂತರೆ ರಾಜಕುಮಾರ ಓಡಲಾರ. ನಾನು ಕಲೆ ಎಂದುಕೊಂಡಿದ್ದ ಆ ಮೌನದಲ್ಲಿ ಅರ್ಧ ಬಡತನವೇ. ಆಮೇಲೆ ಸೌಂಡ್ ಕಾರ್ಡಿನಲ್ಲಿ ಅದೇ ರಾಗಗಳನ್ನು ಕೇಳಿದೆ; ಮೈತುಂಬಿಕೊಂಡಿದ್ದವು, ನಮ್ಮ ಮನೆಯವು ಅನಿಸಲಿಲ್ಲ.

ಆಟದ ಮೂಲ ಕೋಡ್ ಕಳೆದೇ ಹೋಯಿತೆಂದು ಜೋರ್ಡನ್ ಕೈಚೆಲ್ಲಿದ್ದ. 2012ರಲ್ಲಿ ಅವನಪ್ಪನಿಗೆ ಮನೆಯಲ್ಲಿ ಮೂಲೆ ಸೇರಿದ್ದ ಪೆಟ್ಟಿಗೆಯೊಂದರಲ್ಲಿ ಹಳೇ ಫ್ಲಾಪಿಗಳು ಸಿಕ್ಕವು. ಮಗನಿಗೆ ಕಳಿಸಿದರು, ಅವನು ಕೋಡನ್ನು ಲೋಕಕ್ಕೇ ಬಿಟ್ಟುಕೊಟ್ಟ.

ಇದನ್ನು ಅಪ್ಪನಿಗೆ ಹೇಳಿದೆ. “ನೋಡು, ಮನೆ ಸಾಮಾನು ಎಸೀಬೇಡಿ ಅಂದ್ರೆ ಕೇಳ್ತೀರಾ ನೀವು?” ಎಂದರು. ಅಟ್ಟದ ಮೇಲಿನ ಹಳೇ ಮಾನಿಟರನ್ನು ಗುಜರಿಗೆ ಹಾಕಲು ಹೊರಟಿದ್ದ ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.