ಸೋರಿದ್ದು ಎಲ್ಲಿ, ಕಂಡಿದ್ದು ಎಲ್ಲಿ

1/7

ಫೋಟೋದಲ್ಲಿ ಇರೋದು ನಮ್ಮ ಬೆಡ್‌ರೂಮಿನ ಮೂಲೆ. ಈ ಕಲೆ ನೆನಪಿದ್ಯಾ? ಶಿವರಾತ್ರಿ ಟೈಮಲ್ಲಿ ಇದನ್ನೇ ಸ್ಟೋರಿಗೆ ಹಾಕಿ "ಮೇಲಿನ ಮನೆಯವರ ಕೃಪೆ" ಅಂತ ಬರೆದಿದ್ದೆ. ಜೊತೆಗೆ ಕೈ ಮುಗಿಯೋ ಇಮೋಜಿ ಬೇರೆ. ನಿಮ್ಮಲ್ಲಿ ಎಷ್ಟೋ ಜನ ನಕ್ಕಿದ್ರಿ. ಕ್ಲಾಸಲ್ಲಿ "ಏನೇ, ಜೋಗ ಮನೆಗೇ ಬಂತಂತೆ?" ಅಂತ ಕಾಲೆಳೆದಿದ್ರಿ. ನಾನೂ ನಕ್ಕಿದ್ದೆ.

ಸ್ಟೋರಿ 24 ಗಂಟೆಗೆ ಮಾಯ ಆಯ್ತು. ಆದ್ರೆ ಅದರಲ್ಲಿ ಬರೆದಿದ್ದು ಸುಳ್ಳು ಅಂತ ನನಗೆ ಗೊತ್ತಾಗಿದ್ದು ಮೇ ತಿಂಗಳಲ್ಲಿ. ನಮ್ಮ ಅಕೌಂಟ್ಸ್ ಮೇಡಂ ಹೇಳ್ತಾರಲ್ಲ, ತಪ್ಪು ಎಂಟ್ರಿನ ವೈಟ್ನರ್ ಹಾಕಿ ಅಳಿಸಬಾರ್ದು, ರೆಕ್ಟಿಫಿಕೇಶನ್ ಎಂಟ್ರಿ ಹಾಕ್ಬೇಕು ಅಂತ. ಈ ಏಳು ಪೋಸ್ಟ್ ಅದೇ. ಮೇಲಿನ ಮನೆಯವರನ್ನ ಕೇಳೇ ಬರೀತಿದೀನಿ. "ಬರಿ, ಹೆಸರು ಮಾತ್ರ ಬೇಡ" ಅಂದ್ರು. ಎಲ್ಲರೂ ಅವರನ್ನ ಟೀಚರ್ ಅಂತಾನೇ ಕರೆಯೋದು, ನಾನೂ ಹಾಗೇ ಬರೀತೀನಿ.

2/7

ನಮ್ಮದು ಗೋಪಾಳದಲ್ಲಿ ಎಂಟು ಮನೆಯ ಸಣ್ಣ ಅಪಾರ್ಟ್‌ಮೆಂಟ್. ನಾವು ಮೊದಲನೇ ಮಹಡಿ, ಟೀಚರ್ ಎರಡನೇ ಮಹಡಿ, ಅದರ ಮೇಲೆ ಟೆರೇಸು. ಟೀಚರ್ ರಿಟೈರ್ ಆಗಿ ಹತ್ತು ವರ್ಷ ಮೇಲಾಯ್ತು, ಒಬ್ಬರೇ ಇರ್ತಾರೆ, ಮಗ ಬೆಂಗಳೂರಲ್ಲಿ.

ಫೆಬ್ರವರಿಯಲ್ಲಿ ನಮ್ಮ ಬೆಡ್‌ರೂಮಿನ ಸೀಲಿಂಗ್ ಮೂಲೇಲಿ ಅಂಗೈ ಅಗಲ ತೇವ ಕಾಣಿಸ್ತು. ಮಳೆಗಾಲ ಆಗಿದ್ರೆ ಯಾರೂ ತಲೆ ಕೆಡಿಸ್ಕೊಳ್ತಿರ್ಲಿಲ್ಲ, ಶಿವಮೊಗ್ಗದಲ್ಲಿ ಜುಲೈ ಬಂದ್ರೆ ಯಾರ ಮನೆ ಗೋಡೆ ಒಣಗಿರತ್ತೆ? ಆದ್ರೆ ಇದು ಬಿರುಬಿಸಿಲಲ್ಲಿ ಬಂದಿದ್ದು. ಎರಡು ವಾರಕ್ಕೆ ಪೇಂಟ್ ಉಬ್ಬಿತು, ಆಮೇಲೆ ಬೂಷ್ಟು ಹಿಡೀತು. ಏಪ್ರಿಲ್ ಹೊತ್ತಿಗೆ ಹನಿ ಬೀಳೋಕೆ ಶುರು.

ಆ ಮೂಲೆಯ ನೇರ ಮೇಲೆ ಇರೋದು ಟೀಚರ್ ಮನೆ ಬಾತ್‌ರೂಮು. ಇನ್ನೇನು ಬೇಕು? ಅಪ್ಪ ಹೋಗಿ ಹೇಳಿದ್ರು. ಟೀಚರ್ "ನಮ್ಮನೇಲಿ ಎಲ್ಲೂ ಸೋರ್ತಿಲ್ಲ ಕಣ್ರೀ" ಅಂದ್ರು. ಅಪ್ಪ ವಾಪಸ್ ಬಂದು "ಸೋರೋದು ನಮ್ಮ ತಲೆ ಮೇಲೆ, ಅವರಿಗೆ ಹೆಂಗೆ ಕಾಣ್ಬೇಕು" ಅಂದ್ರು. ಆಗಲೇ ನಾನು ಸ್ಟೋರಿ ಹಾಕಿದ್ದು. ಅಷ್ಟೇ ಅಲ್ಲ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಲ್ಲೂ ಕಲೆಯ ಫೋಟೋ ಹಾಕಿ, "ದೊಡ್ಡವರು ಅಂತ ಸುಮ್ಮನಿದೀವಿ, ದಯವಿಟ್ಟು ಜವಾಬ್ದಾರಿ ತಗೊಳ್ಳಿ" ಅಂತ ಬರೆದೆ. ಮೂರು ಮನೆಯವರು ಥಂಬ್ಸ್ ಅಪ್ ಒತ್ತಿದ್ರು. ಟೀಚರ್ ಉತ್ತರ ಬರೀಲಿಲ್ಲ.

ಮುಂದಿನ ವಾರ ಅವರೇ ಪ್ಲಂಬರ್ ಕರೆಸಿದ್ರು. ಬಾತ್‌ರೂಮಿನ ನೆಲ ಪೂರ್ತಿ ಒಡೆಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ನೆಲಕ್ಕೂ ಗೋಡೆಗೆ ಎರಡಡಿ ತನಕವೂ ಹೊಸ ಟೈಲ್ಸ್ ಹಾಕಿಸಿದ್ರು. ಖರ್ಚು 31,000 ರೂಪಾಯಿ. ಎಫ್‌ಡಿ ಮುರಿಸಿದ್ರು ಅಂತ ಆಮೇಲೆ ಗೊತ್ತಾಯ್ತು.

ಹನಿ ನಿಲ್ಲಲಿಲ್ಲ.

3/7

ಇಲ್ಲಿ ಒಂದು ವಿಷಯ ಹೇಳ್ಲೇಬೇಕು, ನನಗೆ ಜಾಸ್ತಿ ನಾಚಿಕೆ ಆಗೋದು ಇದಕ್ಕೇ. ಏಪ್ರಿಲಲ್ಲಿ ಟೀಚರ್ ಹತ್ತು ದಿನ ಮಗನ ಮನೆಗೆ ಹೋಗಿದ್ರು. ಮನೆಗೆ ಬೀಗ. ಆ ಹತ್ತೂ ದಿನ ನಮ್ಮನೇಲಿ ಹನಿ ಬೀಳ್ತಾನೇ ಇತ್ತು. ಯಾರೂ ಸ್ನಾನ ಮಾಡದ ಬಾತ್‌ರೂಮಿಂದ ನೀರು ಹೇಗೆ ಬರತ್ತೆ ಅಂತ ನಮ್ಮಲ್ಲಿ ಒಬ್ಬರಾದ್ರೂ ಯೋಚನೆ ಮಾಡ್ಬೇಕಿತ್ತು. ನಾವು ಏನಂದ್ವಿ ಗೊತ್ತಾ? "ನಲ್ಲಿ ಬಿಟ್ಟು ಹೋಗಿರ್ಬೇಕು, ವಯಸ್ಸಾಯ್ತಲ್ಲ."

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗ್ದೇ ಇದ್ರೆ ವ್ಯತ್ಯಾಸನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಲ್ಲ, ತಪ್ಪು ಸಿಗೋ ತನಕ. ನಾವು ಟೀಚರನ್ನೇ ಸಸ್ಪೆನ್ಸ್ ಅಕೌಂಟ್ ಮಾಡ್ಕೊಂಡಿದ್ವಿ. ಅಲ್ಲಿಗೆ ಹಾಕಿದ ಮೇಲೆ ತಪ್ಪು ಹುಡುಕೋದನ್ನೇ ಬಿಟ್ವಿ.

ನಾನು ಮಾಡಿದ ಒಂದೇ ಒಂದು ಕೆಲಸಕ್ಕೆ ಬರೋ ಕೆಲಸ ಅಂದ್ರೆ ಅಳತೆ. ಹನಿ ಕೆಳಗೆ ಒಂದು ಲೀಟರ್ ಬಾಟಲಿ ಇಟ್ಟೆ, 40 ನಿಮಿಷಕ್ಕೆ ತುಂಬ್ತು. ಅಂದ್ರೆ ದಿನಕ್ಕೆ 36 ಲೀಟರ್, 90 ದಿನಕ್ಕೆ 3,240 ಲೀಟರ್. ಸಾವಿರ ಲೀಟರಿನ ಮೂರು ಟ್ಯಾಂಕ್ ತುಂಬಿ ಮಿಕ್ಕತ್ತೆ. ಕಾಸ್ಟಿಂಗಲ್ಲಿ ಇದನ್ನ ನಾರ್ಮಲ್ ಲಾಸ್ ಅಂತ ಬರೆಯೋಕೆ ಆಗಲ್ಲ. ತುಂಗೆ ಪಕ್ಕದಲ್ಲೇ ಹರೀತಾಳೆ ಅಂತ ನಮಗೆ ನೀರಿನ ಲೆಕ್ಕ ಇಲ್ಲ ಅಷ್ಟೇ. ಬೆಂಗಳೂರಿಗೆ ಕಾವೇರಿ ನೀರು ಬರೋದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅದೂ ಪಂಪಲ್ಲಿ ಎತ್ತಿ. 2024ರ ಮಾರ್ಚಲ್ಲಿ ಅಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ನಮ್ಮನೆ ಸೀಲಿಂಗು ಮೂರು ತಿಂಗಳಿಂದ ಬೆಡ್‌ಶೀಟ್ ತೊಳೀತಿತ್ತು.

4/7

ಮೇ ತಿಂಗಳಲ್ಲಿ ಅಮ್ಮ ಹಟ ಹಿಡಿದ್ರು: "ಇನ್ನೊಬ್ಬರ ಮನೆ ಒಡೆಸೋದು ಸಾಕು, ಮೊದಲು ಎಲ್ಲಿ ಅಂತ ನೋಡಿಸಿ." ಗೊತ್ತಿದ್ದವರ ಕಡೆಯಿಂದ ಭದ್ರಾವತಿಯ ಒಬ್ಬ ಅಣ್ಣ ಬಂದ್ರು. ಅವರ ಕೆಲಸ ಸೋರಿಕೆ ಹುಡುಕೋದು, ಅಷ್ಟೇ. ಬ್ಯಾಗಲ್ಲಿ ಕೈಪಂಪು, ಪ್ರೆಶರ್ ಗೇಜು, ತೇವ ಅಳೆಯೋ ಸಣ್ಣ ಮೀಟರು, ಒಂದು ಹೆಡ್‌ಫೋನು, ಅದಕ್ಕೆ ವೈರಲ್ಲಿ ಸೇರಿಸಿದ ಒಂದು ಮೈಕು. ಸುತ್ತಿಗೆ ಮಾತ್ರ ಇರಲಿಲ್ಲ.

ಬಂದವರು ಕಲೆ ಕಡೆ ನೋಡೋಕೆ ಮುಂಚೆ ಪ್ರಶ್ನೆ ಕೇಳಿದ್ರು. ಮಳೆ ಇಲ್ದಾಗ್ಲೂ ಬರತ್ತಾ? ರಾತ್ರಿ ಹೊತ್ತೂ ಬೀಳತ್ತಾ? ಮೇಲಿನವರು ಇಲ್ದಾಗ್ಲೂ ಬಿತ್ತಾ? ಮೂರಕ್ಕೂ ಹೌದು ಅಂದೆ. "ಹಂಗಾದ್ರೆ ಡ್ರೈನೇಜ್ ಅಲ್ಲ, ಮಳೆ ನೀರೂ ಅಲ್ಲ. ಡ್ರೈನೇಜ್ ಪೈಪು ಬಳಸಿದಾಗ ಮಾತ್ರ ಸೋರತ್ತೆ. 24 ಗಂಟೆ ಬರ್ತಿದೆ ಅಂದ್ರೆ ಯಾವಾಗ್ಲೂ ನೀರು ತುಂಬಿರೋ ಲೈನೇ ಹೋಗಿರೋದು" ಅಂದ್ರು. ಮೂರು ತಿಂಗಳ ಜಗಳ ಮೂರು ಪ್ರಶ್ನೆಗೆ ಅರ್ಧ ಮುಗೀತು.

ಆಮೇಲೆ ಒಂದೊಂದೇ ಲೈನ್ ಪರೀಕ್ಷೆ. ಟೆರೇಸಲ್ಲಿ ವಾಲ್ವ್ ಬಂದ್ ಮಾಡಿ, ನಲ್ಲಿ ಎಲ್ಲ ಮುಚ್ಚಿ, ಒಂದು ನಲ್ಲಿ ಬಿಚ್ಚಿ ಅಲ್ಲಿಗೆ ಕೈಪಂಪು ಜೋಡಿಸಿ, ಗೇಜಿನ ಮುಳ್ಳು 4 ಕೆಜಿ ತೋರ್ಸೋ ತನಕ ಒತ್ತಡ ಕೊಡೋದು. ಆಮೇಲೆ ಹತ್ತು ನಿಮಿಷ ಮುಳ್ಳನ್ನೇ ನೋಡ್ತಾ ಕೂರೋದು. ಟೀಚರ್ ಮನೆ ತಣ್ಣೀರು ಲೈನು: ಮುಳ್ಳು ಅಲ್ಲಾಡಲಿಲ್ಲ. ಟೀಚರ್ ಮನೆ ಬಿಸಿನೀರು ಲೈನು: ಅಲ್ಲಾಡಲಿಲ್ಲ. ಅಪ್ಪ ಬಾಗಿಲ ಹತ್ರ ನಿಂತಿದ್ದವರು ನಿಧಾನಕ್ಕೆ ಕೆಳಗೆ ಇಳಿದು ಹೋದ್ರು. ನಮ್ಮ ತಣ್ಣೀರು ಲೈನು: ಅಲ್ಲಾಡಲಿಲ್ಲ. ನಮ್ಮ ಬಿಸಿನೀರು ಲೈನು: ನಾಲ್ಕರಲ್ಲಿದ್ದ ಮುಳ್ಳು ಹತ್ತು ನಿಮಿಷಕ್ಕೆ ಎರಡೂವರೆಗೆ ಬಂತು.

ಮತ್ತೊಮ್ಮೆ ಮಾಡಿ ಅಂದೆ. ಮಾಡಿದ್ರು. ಮತ್ತೆ ಅಷ್ಟೇ.

5/7

ಟೆರೇಸಲ್ಲಿರೋ ನಮ್ಮ ಸೋಲಾರಿಂದ ನಮ್ಮ ಮನೆಗೆ ಇಳಿಯೋ ಪೈಪು ಟೀಚರ್ ಬಾತ್‌ರೂಮಿನ ಗೋಡೆ ಒಳಗಿಂದಲೇ ಬರತ್ತೆ. ಕಟ್ಟಿದವರು ಹಾಗೆ ಹಾಕಿದಾರೆ, ನಮಗೆ ಗೊತ್ತೇ ಇರ್ಲಿಲ್ಲ. ನೀರು ಆ ಗೋಡೇಲಿ ಇಳಿದು, ಸ್ಲ್ಯಾಬ್ ಹಿಡ್ಕೊಂಡು ಹರಿದು, ದಾರಿ ಸಿಕ್ಕಲ್ಲಿ ನಮ್ಮ ಮೂಲೇಲಿ ಹೊರಗೆ ಬರ್ತಿತ್ತು. ನಾವು ನೋಡಿದ್ದು ನೀರು ಕಾಣಿಸ್ಕೊಂಡ ಜಾಗ ಮಾತ್ರ.

ಗೋಡೇಲಿ ಎಲ್ಲಿ ಅಂತ ಹುಡುಕೋಕೆ ಅಣ್ಣ ರಾತ್ರಿ ಹನ್ನೊಂದಕ್ಕೆ ಮತ್ತೆ ಬಂದ್ರು. ರಾತ್ರಿ ಯಾಕೆ ಅಂದ್ರೆ ಆಗ ಮೋಟಾರು, ಗಾಡಿ, ಬೇರೆ ಮನೆ ನಲ್ಲಿ ಸದ್ದು ಇರಲ್ಲ. ಒತ್ತಡದಲ್ಲಿರೋ ನೀರು ಸಣ್ಣ ತೂತಲ್ಲಿ ನುಗ್ಗುವಾಗ ಸದ್ದು ಮಾಡತ್ತೆ. ಕಬ್ಬಿಣದ ಪೈಪಲ್ಲಿ ಆ ಸದ್ದು ದೂರ ಹೋಗತ್ತೆ, ಪ್ಲಾಸ್ಟಿಕ್ ಪೈಪಲ್ಲಿ ಬೇಗ ಸತ್ತು ಹೋಗತ್ತೆ, ಅದಕ್ಕೆ ಗೇಣುಗೇಣು ಮೈಕ್ ಇಟ್ಟು ಕೇಳ್ಬೇಕು. ಮೇಲಿನ ಟ್ಯಾಂಕಿನ ನೀರಿಗೆ ಒತ್ತಡ ಕಮ್ಮಿ ಬೇರೆ: ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಕೆಜಿ ಲೆಕ್ಕ, ನಮ್ಮದು ಅಷ್ಟೂ ಇಲ್ಲ. ಹಾಗಾಗಿ ಪಂಪಲ್ಲಿ ಒತ್ತಡ ಕೊಟ್ಟು ಕೊಟ್ಟು ಕೇಳಿದ್ರು. ದೊಡ್ಡ ಕಟ್ಟಡಗಳಲ್ಲಿ ಶೇ 5 ಹೈಡ್ರೋಜನ್, ಶೇ 95 ನೈಟ್ರೋಜನ್ ಬೆರೆಸಿದ ಗ್ಯಾಸ್ ಪೈಪಿಗೆ ಬಿಟ್ಟು, ಅದು ಎಲ್ಲಿ ಹೊರಗೆ ಬರತ್ತೆ ಅಂತ ಮೂಸೋ ಯಂತ್ರಾನೂ ಇದೆಯಂತೆ. ಟೋಕಿಯೋದಲ್ಲಿ ಪೈಪಿಗೆ ಕೋಲು ಹಚ್ಚಿ ಕಿವಿಕೊಟ್ಟು ಕೇಳೋ ನೌಕರರೇ ಇದ್ದಾರೆ, ಆ ಊರಿನ ಸೋರಿಕೆ ಶೇ 3ರ ಆಸುಪಾಸು.

ಕೆಲಸ ಎಲ್ಲಿ ಕಲಿತ್ರಿ ಅಂತ ಕೇಳಿದೆ. ಯಂತ್ರ ಬೆಂಗಳೂರಲ್ಲಿ ಕಲ್ತಿದ್ದು, ಕಿವಿ ಮಾತ್ರ ಅಪ್ಪನದು ಅಂದ್ರು. ಅವರಪ್ಪ ವಿಐಎಸ್‌ಎಲ್‌ನಲ್ಲಿ ಇದ್ದವರಂತೆ. ಮಷಿನ್ ಬೇರಿಂಗಿಗೆ ಒಂದು ಕಬ್ಬಿಣದ ರಾಡ್ ಇಟ್ಟು, ಇನ್ನೊಂದು ತುದಿ ಕಿವಿಗೆ ಹಚ್ಕೊಂಡು, ಯಾವುದು ಹೋಗಿದೆ ಅಂತ ಹೇಳ್ತಿದ್ರಂತೆ.

ಒಂದು ಜಾಗದಲ್ಲಿ ನಿಂತು ಹೆಡ್‌ಫೋನ್ ನನಗೆ ಕೊಟ್ರು. "ಕೇಳಮ್ಮ." ಮೊದಲು ಏನೂ ಇಲ್ಲ. ಆಮೇಲೆ, ದೂರದಲ್ಲಿ ಯಾರೋ ಹಲ್ಲು ಕಚ್ಕೊಂಡು ಉಸಿರು ಬಿಟ್ಟ ಹಾಗೆ, ಸ್ಸ್ಸ್... ನಿಲ್ಲದೇ. ಮೈ ಜುಂ ಅಂತು. ಅಣ್ಣ ಅಲ್ಲಿ ಪೆನ್ಸಿಲಲ್ಲಿ ಒಂದು ಸುತ್ತು ಹಾಕಿದ್ರು, ಮೊಣಕಾಲೆತ್ತರಕ್ಕೆ.

ಆ ಸುತ್ತು ಬಿದ್ದಿದ್ದು ಟೀಚರ್ ಹೊಸದಾಗಿ ಹಾಕಿಸಿದ ಟೈಲ್ಸ್ ಮೇಲೆ.

6/7

ಅಪ್ಪ ಮೇಲೆ ಬಂದ್ರು. ಏನು ಹೇಳೋದು ಅಂತ ಗೊತ್ತಾಗ್ದೆ ಪೆನ್ಸಿಲ್ ಗುರುತನ್ನೇ ನೋಡ್ತಾ ನಿಂತ್ರು. ನಮ್ಮ ಪೈಪು ರಿಪೇರಿ ಮಾಡೋಕೆ ಅವರ ಹೊಸ ಟೈಲ್ಸ್ ಒಡೀಬೇಕು ಅಂತ ಕೇಳ್ಬೇಕಿತ್ತು. ಕೊನೆಗೆ "ಟೀಚರ್, ನಮ್ಮದೇ ಪೈಪು" ಅಂದ್ರು, ಅಷ್ಟೇ ಬಂತು ಬಾಯಿಂದ.

ಟೀಚರ್ "ಒಡೀರಿ. ರಾತ್ರಿ ಬೇಡ, ಬೆಳಿಗ್ಗೆ" ಅಂದು ಒಳಗೆ ಹೋದ್ರು. ಬೈದಿದ್ರೆ ಚೆನ್ನಾಗಿತ್ತು.

ಬೆಳಿಗ್ಗೆ ಎರಡು ಟೈಲ್ಸ್ ಒಡೆದ್ರೆ ಪೈಪು ಸಿಕ್ತು. ಪೈಪೆಲ್ಲ ಕೆನೆ ಬಣ್ಣದ ಸಿಪಿವಿಸಿ, ತಿರುವಿನಲ್ಲಿ ಒಂದು ಎಲ್ಬೋ ಮಾತ್ರ ಬಿಳಿ ಯುಪಿವಿಸಿ. ತಣ್ಣೀರಿಗೆ ಹಾಕೋದು ಅದು. ಬೇಸಿಗೇಲಿ ಸೋಲಾರ್ ನೀರು ಎಷ್ಟು ಕಾಯತ್ತೆ ಅಂತ ಗೊತ್ತಲ್ಲ, ಮೆತ್ತಗಾಗಿ ಜಾಯಿಂಟ್ ಬಿಟ್ಕೊಂಡಿತ್ತು. ಆ ಎಲ್ಬೋಗೆ ಐವತ್ತು ರೂಪಾಯೀನೂ ಇಲ್ಲ. ಸೋರಿಕೆ ಹುಡುಕಿದ್ದಕ್ಕೆ 3,500, ರಿಪೇರಿಗೆ 1,200. ಟೀಚರ್ ಕೈಯಿಂದ ಸುಮ್ಮನೆ ಹೋಗಿದ್ದು 31,000.

ಸಂಜೆ ನಾನೊಬ್ಬಳೇ ಮೇಲೆ ಹೋದೆ. ದುಡ್ಡು ತಿಂಗಳು ತಿಂಗಳು ಕೊಡ್ತೀವಿ ಅಂದೆ. ಟೀಚರ್ ಕಾಫಿ ಕೊಟ್ರು. ಕೊಟ್ಟು ಹೇಳಿದ್ರು: "ದುಡ್ಡು ನಿಧಾನಕ್ಕೆ ಕೊಡಿ ಪುಟ್ಟಿ. ನಾನು 34 ವರ್ಷ ಮಕ್ಕಳ ತಪ್ಪು ತಿದ್ದಿದೀನಿ. ಆ ಗ್ರೂಪಲ್ಲಿ ನೀನು ಬರೆದಿದ್ದು ಓದಿದ ಮೇಲೆ ಲಿಫ್ಟ್ ಹತ್ರ ಯಾರಾದ್ರೂ ನಿಂತಿದ್ರೆ ಮೆಟ್ಟಿಲು ಹತ್ತಿ ಬರ್ತಿದ್ದೆ. ನೀನು ಎಲ್ಲಿ ಬರೆದ್ಯೋ ಅಲ್ಲೇ ತಿದ್ದು."

ಸ್ಟೋರಿ ವಿಷಯ ಅವರಿಗೆ ಗೊತ್ತೇ ಇರ್ಲಿಲ್ಲ. ನಾನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅದನ್ನೂ" ಅಂದ್ರು.

ಗ್ರೂಪಲ್ಲಿ ಅವತ್ತೇ ರಾತ್ರಿ ಬರೆದೆ. ಇಲ್ಲಿ ಬರೆಯೋಕೆ ಇಷ್ಟು ದಿನ ಬೇಕಾಯ್ತು.

7/7

ನಿಮ್ಮನೇಲಿ ತೇವ ಕಂಡ್ರೆ ಯಾರ ಮನೆ ಬಾಗಿಲು ತಟ್ಟೋಕೆ ಮುಂಚೆ ಇಷ್ಟು ಮಾಡಿ. ಇದಕ್ಕೆ ಒಂದು ರೂಪಾಯಿನೂ ಖರ್ಚಿಲ್ಲ.

ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ, ಮೀಟರ್ ನೋಡಿ ಬರೆದಿಟ್ಕೊಳ್ಳಿ. ಬೆಳಿಗ್ಗೆ ಯಾರೂ ನೀರು ಮುಟ್ಟೋಕೆ ಮುಂಚೆ ಮತ್ತೆ ನೋಡಿ. ಓಡಿದ್ರೆ ಎಲ್ಲೋ ಹೋಗ್ತಿದೆ. ಮೀಟರಿಂದ ಸಂಪಿಗೆ, ಟ್ಯಾಂಕಿಗೆ ಹೋಗೋ ಮನೆ ಆದ್ರೆ ಮೀಟರ್ ಒಂದೇ ಸಾಲಲ್ಲ. ಟ್ಯಾಂಕಿಗೆ ನೀರು ಬರೋದನ್ನ ನಿಲ್ಲಿಸಿ, ಒಳಗಿನ ಮಟ್ಟಕ್ಕೆ ಒಂದು ಗುರುತು ಹಾಕಿ ಬೆಳಿಗ್ಗೆ ನೋಡಿ. ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಬಿಡಿ, ಒತ್ತದೇ ಕೆಳಗೆ ಬಣ್ಣ ಬಂದ್ರೆ ಅದೂ ಸೋರ್ತಿದೆ. ಆಮೇಲೆ ಆ ಮೂರು ಪ್ರಶ್ನೆ: ಮಳೆ ಇಲ್ದಾಗ, ರಾತ್ರಿ ಹೊತ್ತು, ಯಾರೂ ಬಳಸದಿದ್ದಾಗ. ಹೊಸ ಮನೆ ಕಟ್ಟಿಸ್ತಿರೋರು ಗೋಡೆ ಮುಚ್ಚೋಕೆ ಮುಂಚೆ ಪೈಪು ಹೋಗಿರೋ ದಾರಿಯ ಫೋಟೋ ತೆಗೆದಿಟ್ಕೊಳ್ಳಿ, ಬಿಸಿನೀರಿನ ಪೈಪಿನ ಮೇಲೆ ಐಎಸ್ 15778 ಅಂತ ಇದ್ಯಾ ನೋಡಿ, ಎಲ್ಬೋನೂ ಬಿಸಿನೀರಿನದೇನಾ ಅಂತ ಕೇಳಿ.

ನಮ್ಮ ಲೆಕ್ಕ ಇಷ್ಟು. ತಿಂಗಳಿಗೆ 5,000 ಹಾಗೆ ನಾಲ್ಕು ಕಂತು ಕೊಟ್ಟಾಗಿದೆ, ಬಾಕಿ 11,000. ಲೆಡ್ಜರ್ ನಾನೇ ಬರೀತೀನಿ, ಟೀಚರ್ ಪ್ರತೀ ಸಲ ಕನ್ನಡಕ ಹಾಕ್ಕೊಂಡು ಸಹಿ ಮಾಡ್ತಾರೆ. ಹೋದ ತಿಂಗಳು "ಬ್ಯಾಲೆನ್ಸ್ ಕ್ಯಾರೀಡ್ ಡೌನ್ ಎಲ್ಲಿ?" ಅಂತ ಕೇಳಿ ಮತ್ತೆ ಬರೆಸಿದ್ರು.

ಕಲೆ ಇನ್ನೂ ಇದೆ. ಗೋಡೆ ಪೂರ್ತಿ ಒಣಗೋ ತನಕ ಪೇಂಟ್ ಮಾಡ್ಬೇಡಿ ಅಂದಿದಾರೆ ಅಣ್ಣ, ಅಷ್ಟರಲ್ಲಿ ಮಳೆಗಾಲ ಬಂತು. ಹಾಗಾಗಿ ದಿನಾ ಮಲಗೋವಾಗ ಅದನ್ನೇ ನೋಡ್ತೀನಿ.

ಹಳೇ ಸ್ಟೋರಿಯ ಸ್ಕ್ರೀನ್‌ಶಾಟ್ ಯಾರ ಹತ್ರಾದ್ರೂ ಇದ್ರೆ ಅಳಿಸ್ಬೇಡಿ. ಇದನ್ನೂ ಅದರ ಪಕ್ಕ ಇಟ್ಕೊಳ್ಳಿ.

#ಗೋಪಾಳ #ಶಿವಮೊಗ್ಗ #ಭದ್ರಾವತಿ #ನೀರು #ಬಿಕಾಂಡೈರಿ