ಅತ್ತೆಯ ಬೂಟು, ನನ್ನ ಬೂಟು

"ಬೂಟು ತಂದಿದ್ದೀಯೇನೆ? ಅದನ್ನ ಹಾಕ್ಕೊಂಡು ನಿಲ್ಲು. ಬರಿಗಾಲಲ್ಲಿ ನಿಂತ್ರೆ ನಾನು ಅಳತೆ ಹೆಂಗೆ ತಗೊಳ್ಳಲಿ?"

ಕತ್ತಿಗೆ ಟೇಪು ನೇತು ಹಾಕಿಕೊಂಡು ಅತ್ತೆ ಹೀಗೆ ಕೇಳಿದಾಗ ನನ್ನ ಎದೆ ಧಸಕ್ ಅಂತು. ಬೂಟು ಬ್ಯಾಗಿನಲ್ಲೇ ಇತ್ತು. ಆದರೆ ಅದನ್ನು ಮನೆಯಲ್ಲಿ ಯಾರಿಗಾದರೂ ತೋರಿಸಿಯೇನು, ಅತ್ತೆಗೆ ಮಾತ್ರ ಬೇಡ ಅಂದುಕೊಂಡಿದ್ದೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನಮ್ಮೂರು ಚಿತ್ರದುರ್ಗದ ಹತ್ತಿರದ ತುರುವನೂರು. 1939ರ ಅರಣ್ಯ ಸತ್ಯಾಗ್ರಹದಿಂದಾಗಿ ನಿಜಲಿಂಗಪ್ಪನವರ ಹೆಸರಿನ ಜೊತೆ ನೀವು ಕೇಳಿರಬಹುದು. ನಮಗೆ ಮಾತ್ರ ಊರು ಅಂದರೆ ಎರೆಹೊಲ, ಈರುಳ್ಳಿ, ಕಡಲೆ. ಅಪ್ಪನ ತಂಗಿ, ಅಂದರೆ ನಮ್ಮತ್ತೆ, ಅದೇ ಊರಲ್ಲಿ ಬಟ್ಟೆ ಹೊಲೀತಾರೆ. ನಾನು ಆರು ವರ್ಷದಿಂದ ಬೆಂಗಳೂರಲ್ಲಿದ್ದೀನಿ. ವಾರದ ಐದು ದಿನ ಕುರ್ತಾ, ಕೊರಳಿಗೆ ಐಡಿ ಕಾರ್ಡು, ಬೆನ್ನಿಗೆ ಲ್ಯಾಪ್‌ಟಾಪು. ತಿಂಗಳಿಗೊಂದು ಭಾನುವಾರ ಮಾತ್ರ ಬೇರೆಯದೇ ಅವತಾರ: ಕಪ್ಪು ಫ್ರಿಲ್ಲಿನ ಫ್ರಾಕು, ಜಡೆಗೆ ಗುಲಾಬಿ ರಿಬ್ಬನ್ನು, ಕಾಲಿಗೆ ಇಟ್ಟಿಗೆಯಷ್ಟು ದಪ್ಪ ಅಟ್ಟೆಯ ಬೂಟು.

ಇದು ಟೋಕಿಯೊದ ಹರಾಜುಕು ಬೀದಿಗಳಲ್ಲಿ ಬೆಳೆದ ಉಡುಪು. ಇದರಲ್ಲಿ ಹಲವು ಕವಲುಗಳಿವೆ. ಗಾಥಿಕ್ ಲೋಲಿಟಾ ಅಂದರೆ ಹಳೇ ಕಾಲದ ಪಿಂಗಾಣಿ ಗೊಂಬೆಗೆ ಕಪ್ಪು ಬಟ್ಟೆ ತೊಡಿಸಿದ ಹಾಗೆ. ಉಬ್ಬಿದ ಲಂಗ, ಲೇಸು, ದುಂಡು ಮೂತಿಯ ಬೂಟು. ಮಾಲಿಸ್ ಮಿಜೆರ್ ಬ್ಯಾಂಡಿನ ಗಿಟಾರ್ ವಾದಕ ಮಾನಾ 1999ರಲ್ಲಿ ಇಂಥ ಉಡುಪಿಗೆಂದೇ ತಮ್ಮ ಬ್ರ್ಯಾಂಡು ಶುರು ಮಾಡಿದ್ದರು. ಈಚಿನದು ಯಾಮಿ ಕವಾಯಿ. ಕವಾಯಿ ಅಂದರೆ ಮುದ್ದು. ಯಾಮಿ ಅಂದರೆ ಕಾಯಿಲೆ ಬೀಳೋದು. ಕತ್ತಲೆ ಅನ್ನೋ ಜಪಾನಿ ಪದದ ಉಚ್ಚಾರವೂ ಅದೇ. ತಿಳಿ ಗುಲಾಬಿ, ನೇರಳೆ, ಕಪ್ಪು ಬಟ್ಟೆಯ ಮೇಲೆ ಮಾತ್ರೆ, ಸಿರಿಂಜು, ಬ್ಯಾಂಡೇಜಿನ ಚಿತ್ರಗಳು. ಒಳಗೆ ಚೆನ್ನಾಗಿಲ್ಲ ಅನ್ನೋದನ್ನ ಮುಚ್ಚಿಡದೆ ಮೈಮೇಲೆ ಹಾಕ್ಕೊಂಡು ಓಡಾಡೋದು.

ನನಗೆ ಅದು ಹಿಡಿಸಿದ್ದಕ್ಕೆ ಕಾರಣ ಇದೆ. ಕೆಲಸ ಬದಲಾಯಿಸಿದ ವರ್ಷ ನಿದ್ದೆ ಪೂರ್ತಿ ಬಿಟ್ಟು ಹೋಗಿತ್ತು. ಪಿಜಿ ರೂಮಿನಲ್ಲಿ ಬೆಳಗಿನ ನಾಲ್ಕರವರೆಗೆ ಫೋನ್ ನೋಡ್ತಾ ಕೂತಿರ್ತಿದ್ದೆ. ಊರಿಂದ ಯಾರೇ ಫೋನ್ ಮಾಡಿದರೂ "ಚೆನ್ನಾಗಿದ್ದೀನಿ, ಊಟ ಆಯ್ತು" ಅನ್ನೋದು ಬಾಯಿಪಾಠ ಆಗಿತ್ತು. ಆ ರಾತ್ರಿಗಳಲ್ಲೇ ಈ ಹುಡುಗಿಯರ ಫೋಟೊಗಳು ಕಣ್ಣಿಗೆ ಬಿದ್ದಿದ್ದು. "ಚೆನ್ನಾಗಿಲ್ಲ" ಅನ್ನೋದನ್ನ ಇಷ್ಟು ಚೆಂದವಾಗಿ ಹೇಳಬಹುದಾ ಅನ್ನಿಸಿತ್ತು.

ಹೋದ ವರ್ಷ ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗೋಣ ಅಂತ ಗೆಳತಿಯರು ತೀರ್ಮಾನ ಮಾಡಿದರು. ನನಗೆ ಬೇಕಾದ ಫ್ರಾಕು ಆನ್‌ಲೈನಲ್ಲಿ ಕೈಗೆ ಸಿಗೋ ಬೆಲೆಗೆ ಇರಲಿಲ್ಲ. ಬೂಟು ಮಾತ್ರ ಎಂಟು ಸಾವಿರ ಕೊಟ್ಟು ತಗೊಂಡಿದ್ದೆ. ಹಿಮ್ಮಡಿಯ ಹತ್ತಿರ ಬಾವಲಿ ರೆಕ್ಕೆ, ಮುಂದೆ ಎರಡು ಇಂಚು, ಹಿಂದೆ ಎರಡೂವರೆ. ಫೋಟೊದಲ್ಲಿ ಅದ್ಭುತ. ನಡೆಯೋಕೆ ಹೋದರೆ ಎರಡು ಸಲ ಕಾಲು ಉಳುಕಿತ್ತು. ಒಂದು ಸಲ ಫುಟ್‌ಪಾತ್ ಕಲ್ಲಿನ ಮೇಲೆ, ಇನ್ನೊಂದು ಸಲ ಸಪಾಟಾದ ಆಫೀಸಿನ ಪಾರ್ಕಿಂಗ್‌ನಲ್ಲಿ! ಫ್ರಾಕನ್ನಾದರೂ ಅತ್ತೆ ಹತ್ರ ಹೊಲಿಸೋಣ ಅಂತ ದಸರಾ ರಜೆಗೆ ಬಟ್ಟೆ, ಲೇಸು, ಫೋನಲ್ಲಿ ಇಪ್ಪತ್ತು ಫೋಟೊ ಇಟ್ಟುಕೊಂಡು ಊರಿಗೆ ಹೋದೆ.

ಈಗ ಅತ್ತೆಯ ವಿಷಯ. ಅವರಿಗೆ ಮೂರು ವರ್ಷ ಇದ್ದಾಗ ಜ್ವರ ಬಂದು ಎಡಗಾಲು ಸೋತಿತು. ಪೋಲಿಯೊ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾಗೋ ಹೊತ್ತಿಗೆ ಅವರಿಗೆ ಇಪ್ಪತ್ತು ದಾಟಿತ್ತು. 2014ರಲ್ಲಿ ಭಾರತ ಪೋಲಿಯೊಮುಕ್ತ ಅಂತ ಟಿವಿಯಲ್ಲಿ ಬಂದಾಗ ಅವರು ಮಿಷನ್ನಿನಿಂದ ತಲೆ ಎತ್ತಿ "ಒಳ್ಳೇದಾಯ್ತು" ಅಂದು ಮತ್ತೆ ಹೊಲಿಗೆಗೆ ಕೂತಿದ್ದರು. ಎಡಗಾಲು ಬಲಗಾಲಿಗಿಂತ ಎರಡು ಇಂಚು ಗಿಡ್ಡ. ಹಾಗಾಗಿ ಎಡಗಾಲಿಗೆ ದಪ್ಪ ಅಟ್ಟೆಯ ಕಂದು ಬೂಟು. ಬಲಗಾಲಿಗೆ ಸಾಮಾನ್ಯದ್ದು. ಆ ಬೂಟನ್ನ ನಾವು ಮಕ್ಕಳು ಸರಿಯಾಗಿ ನೋಡಿದ್ದೇ ಕಡಿಮೆ. ಸೀರೆ ಯಾವಾಗಲೂ ನೆಲ ಮುಟ್ಟುತ್ತಿತ್ತು. ಮದುವೆ ಫೋಟೊಗಳಲ್ಲಿ ಅತ್ತೆ ಯಾವಾಗಲೂ ಹಿಂದಿನ ಸಾಲು.

ಇಂಥವರ ಮುಂದೆ "ಶೋಕಿಗೆ ದಪ್ಪ ಅಟ್ಟೆ ಹಾಕ್ತೀನಿ" ಅಂತ ಹೇಗೆ ಹೇಳೋದು?

ಆದರೆ ಅತ್ತೆ ಬಿಡಲಿಲ್ಲ. "ಲೆಹೆಂಗಾ ಹೊಲಿಸೋಕೆ ಬರೋ ಹುಡುಗೀರಿಗೂ ಇದೇ ಹೇಳೋದು. ಹಾಕ್ಕೊಳ್ಳೋ ಚಪ್ಲೀಲಿ ನಿಂತ್ರೇನೇ ಸೊಂಟ ಸಮ ನಿಲ್ಲೋದು. ಸೊಂಟ ಓರೆ ಆದ್ರೆ ಲಂಗದ ಅಂಚೂ ಓರೆ. ನನಗೆ ಗೊತ್ತಿಲ್ವಾ?"

ತೆಗೆದು ಹಾಕ್ಕೊಂಡೆ. ಅಮ್ಮ ಬಾಗಿಲಲ್ಲೇ ನಿಂತು "ಅಯ್ಯೋ, ಇದೇನೇ ಇದು" ಅಂದರು. ಅತ್ತೆ ಏನೂ ಅನ್ನಲಿಲ್ಲ. ನೆಲದಿಂದ ಟೇಪು ಹಿಡಿದು ಅಳತೆ ಬರೆದುಕೊಂಡರು. ಆಮೇಲೆ "ಎಡಗಾಲಿಂದು ಬಿಚ್ಚು" ಅಂದರು.

ಸೋತ ಪಾದ ಚಿಕ್ಕದು. ಎರಡು ಸಾಕ್ಸು ಹಾಕಿ, ನನ್ನ ಬಾವಲಿ ಬೂಟಿನೊಳಗೆ ಎಡಗಾಲು ತೂರಿಸಿ, ಬಲಗಾಲು ಬರಿಗಾಲಲ್ಲೇ ಇಟ್ಟು, ಮಿಷನ್ ಹಿಡಿದು ಎದ್ದು ನಿಂತರು. ಕನ್ನಡಿಯಲ್ಲಿ ನೋಡಿಕೊಂಡರು. ಎರಡೂ ಭುಜ ಹೆಚ್ಚುಕಡಿಮೆ ಸಮ!

"ಅರ್ಧ ಇಂಚು ಜಾಸ್ತಿ ಆಯ್ತು ಕಣೆ" ಅಂದರು. ಅಮ್ಮನಿಗೆ ಮೊದಲು ನಗು ಬಂತು, ಆಮೇಲೆ ನನಗೆ, ಆಮೇಲೆ ಅತ್ತೆಗೆ. ನಗ್ತಾನೇ ಒಂದು ಹೆಜ್ಜೆ ಇಡೋಕೆ ಹೋದರು. ಕಾಲು ಏಳಲಿಲ್ಲ. ತಕ್ಷಣ ಕೂತುಬಿಟ್ಟರು. "ಇದೇನು ಗುಂಡುಕಲ್ಲಾ? ಇದನ್ನ ಹಾಕ್ಕೊಂಡು ಬೀಳದೆ ಇನ್ನೇನು ಮಾಡ್ತೀಯ."

ಅಂಗಳದಲ್ಲಿ ಈರುಳ್ಳಿ ತೂಗೋ ತಕ್ಕಡಿ ಇತ್ತು. ಅದರ ಮೇಲೆ ಇಟ್ಟು ನೋಡಿದೆವು. ನನ್ನ ಒಂದು ಬೂಟು ಮುಕ್ಕಾಲು ಕೆಜಿ ಮೇಲೆ. ಅತ್ತೆಯದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅವರ ಮೊದಲ ಬೂಟಿಗೆ ಮರದ ಅಟ್ಟೆ ಇತ್ತಂತೆ, ಆಮೇಲೆ ಕಾರ್ಕು, ಈಗ ಹಗುರ ರಬ್ಬರು. ಐವತ್ತು ವರ್ಷದಿಂದ ದಪ್ಪ ಅಟ್ಟೆಯ ಮೇಲೆ ನಡೆದವರು ನಮ್ಮ ಮನೆಯಲ್ಲೇ ಇದ್ದರು. ನಾನು ಯೂಟ್ಯೂಬಲ್ಲಿ ರಿವ್ಯೂ ಹುಡುಕ್ತಿದ್ದೆ.

ಆ ಸಂಜೆ ಅತ್ತೆ ಹೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದಿದ್ದನ್ನೂ ಸೇರಿಸಿ ಹೇಳ್ತೀನಿ. ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಎತ್ತರ ಅಲ್ಲ, ತೂಕ ನೋಡಬೇಕು. ಗಟ್ಟಿ ರಬ್ಬರಿಗಿಂತ ಇವಿಎ ಅನ್ನೋ ಫೋಮಿನ ಅಟ್ಟೆ ತುಂಬ ಹಗುರ. ಆನ್‌ಲೈನಲ್ಲಿ ತೂಕ ಬರೆದಿಲ್ಲ ಅಂದ್ರೆ ಮಾರುವವರನ್ನ ಕೇಳಿ. ಎರಡನೇದು, ಅಟ್ಟೆಯ ಅಗಲ. ಕೆಳಗೆ ಹೋದಂತೆ ಕಿರಿದಾಗೋ ಅಟ್ಟೆ ನೋಡೋಕೆ ನಾಜೂಕು, ಆದರೆ ಕಾಲು ಉಳುಕೋದು ಅದರಿಂದಲೇ. ನೆಲ ಮುಟ್ಟೋ ಭಾಗ ಪಾದದಷ್ಟಾದರೂ ಅಗಲ ಇರಬೇಕು. ಮೂರನೇದು, ಮೂತಿ. ದಪ್ಪ ಅಟ್ಟೆ ಬಾಗೋದಿಲ್ಲ. ಹಾಗಾಗಿ ಬೆರಳಿನ ಕಡೆ ದೋಣಿಯ ಹಾಗೆ ಸ್ವಲ್ಪ ಮೇಲೆದ್ದಿರಬೇಕು, ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಎಡವೋದೇ. ಬ್ರಿಟನ್ನಿನ ವಿವಿಯನ್ ವೆಸ್ಟ್‌ವುಡ್ 1980ರ ದಶಕದಲ್ಲಿ ಮಾಡಿದ, ಜಪಾನಿನ ಹುಡುಗಿಯರು ಮುಗಿಬಿದ್ದು ತಗೊಂಡ 'ರಾಕಿಂಗ್ ಹಾರ್ಸ್' ಬೂಟಿನ ಮರದ ಅಟ್ಟೆಗೂ ಮುಂದೆ ಹೀಗೇ ಓರೆ ಕಡಿತ ಇದೆ.

ನಾಲ್ಕನೇದು, ಪಟ್ಟಿ. ಕಾಲಿನ ಗಂಟಿನ ಹತ್ತಿರ ಪಟ್ಟಿಯೋ ಲೇಸೋ ಇಲ್ಲದ ದಪ್ಪ ಬೂಟು ಬೇಡವೇ ಬೇಡ. "ಬೂಟು ಕಾಲಿನ ಜೊತೆ ಬರಬೇಕು, ಕಾಲು ಬೂಟನ್ನ ಎಳಕೊಂಡು ಹೋಗಬಾರದು" ಅಂದರು ಅತ್ತೆ. ಐದನೇದು, ಹಿಮ್ಮಡಿಯ ಎತ್ತರದಲ್ಲಿ ಮುಂದಿನ ಎತ್ತರ ಕಳೆಯಿರಿ. ನಿಮ್ಮ ಪಾದ ನಿಜವಾಗಿ ಓರೆ ನಿಲ್ಲೋದು ಅಷ್ಟೇ. ಹಿಂದೆ ಮೂರು, ಮುಂದೆ ಎರಡು ಇದ್ದರೆ ಒಂದೇ ಇಂಚಿನ ಹೀಲ್ಸ್ ಹಾಕಿದ ಹಾಗೆ. ಅಳತೆಗೆ ಸಂಜೆ ಹೊತ್ತು ಗೋಡೆಗೆ ಹಿಮ್ಮಡಿ ಒತ್ತಿ, ಕಾಗದದ ಮೇಲೆ ಎರಡೂ ಪಾದ ಗುರುತು ಮಾಡಿ, ಉದ್ದದ್ದನ್ನ ಸೆಂಟಿಮೀಟರಲ್ಲಿ ಬರೆದುಕೊಳ್ಳಿ. ಜಪಾನಿ ಬೂಟುಗಳ ಸೈಜು ಸೆಂಟಿಮೀಟರಲ್ಲೇ ಇರುತ್ತೆ.

ಉಡುಪಿಗೆ ಹೊಂದಿಸೋ ಲೆಕ್ಕ ಅದಾದ ಮೇಲೆ. ಲಂಗ ಉಬ್ಬಿದ್ದರೆ ಬೂಟೂ ದಪ್ಪ ಇರಬೇಕು, ತೆಳು ಚಪ್ಪಲಿ ಹಾಕಿದರೆ ಕೊಡೆಗೆ ಕಡ್ಡಿ ಸಿಕ್ಕಿಸಿದ ಹಾಗೆ ಕಾಣುತ್ತೆ. ಮುದ್ದು ಜಾಸ್ತಿ ಬೇಕಾದರೆ ದುಂಡು ಮೂತಿ, ಅಡ್ಡ ಪಟ್ಟಿಯ ಮೇರಿ ಜೇನ್. ಕತ್ತಲೆ ಜಾಸ್ತಿ ಬೇಕಾದರೆ ಲೇಸು ಕಟ್ಟೋ ಬೂಟು, ಹೊಳಪಿಲ್ಲದ ಕಪ್ಪು.

ಅಳತೆ ಮುಗಿದ ಮೇಲೆ ಅತ್ತೆ ನನ್ನ ಬ್ಯಾಗಿನಿಂದ ಲೇಸು ತೆಗೆಯೋಕೆ ಹೋದರು. ಅದರ ಜೊತೆ ಬಿಳಿ ಬ್ಯಾಂಡೇಜು ಸುರುಳಿ ಈಚೆ ಬಂತು. ಮೊಣಕಾಲಿಗೆ ಸುತ್ತಿಕೊಳ್ಳೋಕೆ ಅಂತ ತಂದಿದ್ದು. ಯಾಮಿ ಕವಾಯಿಯ ಅಲಂಕಾರ.

"ಎಲ್ಲಿ ಗಾಯ ಆಗೈತೆ?" ಅಂದರು.

"ಗಾಯ ಇಲ್ಲ ಅತ್ತೆ. ಸುಮ್ನೆ. ಡ್ರೆಸ್ಸಿನ ಜೊತೆಗೆ."

ಅತ್ತೆ ಸುರುಳಿಯನ್ನ ಕೈಯಲ್ಲೇ ಹಿಡಿದುಕೊಂಡು ಕೂತರು. ನನ್ನ ಮುಖ ಬಿಸಿ ಆಯ್ತು. ಚಿಕ್ಕವರಿದ್ದಾಗ ಆ ಕಾಲಿಗೆ ಎಷ್ಟು ಪಟ್ಟಿ ಸುತ್ತಿದ್ದರೋ, ಎಷ್ಟು ಎಣ್ಣೆ ತಿಕ್ಕಿದ್ದರೋ. ಅವರ ಮುಂದೆ ನಾನು ಇಲ್ಲದ ಗಾಯಕ್ಕೆ ಬಟ್ಟೆ ಸುತ್ತಿಕೊಳ್ಳೋಕೆ ಹೊರಟಿದ್ದೆ. ಏನೋ ಸಮಜಾಯಿಷಿ ಹೇಳೋಕೆ ಹೋಗಿ, ಹೇಳಬೇಕು ಅಂದುಕೊಳ್ಳದೇ ಇದ್ದಿದ್ದೆಲ್ಲ ಬಾಯಿಗೆ ಬಂತು. ಆ ವರ್ಷದ ರಾತ್ರಿಗಳು, ನಿದ್ದೆ ಬರದಿದ್ದದ್ದು, ಬಸ್ಸಲ್ಲಿ ಕಾರಣವಿಲ್ಲದೆ ಅತ್ತಿದ್ದು, ಕೊನೆಗೆ ಒಬ್ಬ ಡಾಕ್ಟರ ಹತ್ರ ಹೋಗಿ ಮಾತ್ರೆ ತಗೊಂಡಿದ್ದು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಈಗ?" ಅಂದರು ಅತ್ತೆ.

"ಈಗ ಪರವಾಗಿಲ್ಲ. ನಿದ್ದೆ ಬರುತ್ತೆ."

ಸ್ವಲ್ಪ ಹೊತ್ತು ಲೇಸಿನ ಗಂಟು ಬಿಡಿಸ್ತಾ ಇದ್ದರು. ಆಮೇಲೆ ಹೇಳಿದರು: "ನಾನು ಲಂಗ ಹಾಕೋ ಕಾಲದಾಗೆ ಎಲ್ಲ ಲಂಗಾನೂ ನಾಲ್ಕು ಬೆರಳು ಉದ್ದ ಹೊಲ್ಕೋತಿದ್ದೆ, ಬೂಟು ಕಾಣಬಾರದು ಅಂತ. ನೀನು ನೋಡಿದ್ರೆ ಬೂಟು ಕಾಣ್ಲಿ ಅಂತ ಮೊಣಕಾಲಿಗೆ ಹೊಲಿಸ್ತಿದ್ದೀಯ." ಬೈಗುಳವೋ ಮೆಚ್ಚುಗೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬ್ಯಾಂಡೇಜು ಸುರುಳಿಯನ್ನ ಅವರು ವಾಪಸ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಅಪ್ಪ ಹೊಲಕ್ಕೆ ಹೋಗಿ ಬಂದಾಗ ಚಪ್ಪಲಿಗೆ ಎರೆಮಣ್ಣು ಮೆತ್ತಿ ಮೂರು ಇಂಚು ದಪ್ಪ ಆಗಿತ್ತು. ನಮ್ಮ ಕಡೆ ಗೊತ್ತಲ್ಲ, ಹತ್ತು ಹೆಜ್ಜೆ ಇಟ್ಟರೆ ಹೊಲವೇ ಕಾಲಿಗೆ ಅಂಟಿಕೊಂಡು ಬರುತ್ತೆ. ಅಪ್ಪ ಕಡ್ಡಿ ಹಿಡಿದು ಮಣ್ಣು ಕೆರೆಯೋದನ್ನ ನೋಡ್ತಾ ಅತ್ತೆ ಅಂದರು: "ಮಳೆಗಾಲದಾಗೆ ಊರಿನ ಎಲ್ಲರ ಚಪ್ಲೀನೂ ನನ್ನ ಬೂಟೇ ಆಗ್ತೈತೆ ನೋಡು." ಜಪಾನಿನ ಹಳೇ ಮರದ ಪಾದುಕೆ ಗೆಟಾಕ್ಕೂ ಕೆಳಗೆ ಹಲ್ಲುಗಳಿರೋದು ಬಟ್ಟೆಯ ಅಂಚು ಕೆಸರಿಗೆ ತಾಗದಿರಲಿ ಅಂತಲೇ ಅಂದೆ. "ಅಂದ್ರೆ ಅವರ ಊರಾಗೂ ಎರೆಮಣ್ಣು ಐತೆ ಅನ್ನು" ಅಂದರು.

ಬೆಂಗಳೂರಿಗೆ ಬಂದು ಬಾವಲಿ ಬೂಟನ್ನ ಐದು ಸಾವಿರಕ್ಕೆ ಮಾರಿದೆ. ಆ ದುಡ್ಡಲ್ಲೇ ಇನ್ನೊಂದು ಜೊತೆ ತಗೊಂಡೆ. ಅಷ್ಟೇ ಎತ್ತರ, ಅಗಲ ಅಟ್ಟೆ, ದುಂಡು ಮೂತಿ, ಎರಡು ಪಟ್ಟಿ, ಒಂದೊಂದು ನಾನೂರು ಗ್ರಾಂ ಒಳಗೆ. ಅತ್ತೆ ಹೇಳಿದಂತೆ ಒಂದು ವಾರ ಮನೆಯಲ್ಲೇ ದಿನಕ್ಕೆ ಅರ್ಧ ಗಂಟೆ ಹಾಕಿ ಮೆಟ್ಟಿಲು ಹತ್ತಿ ಇಳಿದೆ. ಸ್ಕೂಟರ್ ಓಡಿಸೋವಾಗ ಮಾತ್ರ ಚೀಲದಲ್ಲಿ ಬೇರೆ ಚಪ್ಪಲಿ. ಬ್ರೇಕು, ನೆಲ ಎರಡೂ ಕಾಲಿಗೆ ಗೊತ್ತಾಗಬೇಕಲ್ಲ.

ಫ್ರಾಕು ಕೊರಿಯರಲ್ಲಿ ಬಂತು. ಮೂರು ಸಾಲು ಫ್ರಿಲ್ಲು, ಅಂಚು ಒಂದು ನೂಲೂ ಓರೆ ಇಲ್ಲ. ಒಳಗಡೆ ಎರಡು ಜೇಬು, ನಾನು ಕೇಳದೇ ಇದ್ದಿದ್ದು. ಅದನ್ನ ಹಾಕ್ಕೊಂಡು ಇಡೀ ದಿನ ನಡೆದೆ, ನಿಂತೆ, ಕ್ಯೂನಲ್ಲಿ ಕಾದೆ. ಮೊಣಕಾಲಿಗೆ ಏನೂ ಸುತ್ತಿರಲಿಲ್ಲ.

ರಾತ್ರಿ ಅತ್ತೆ ಫೋನ್ ಮಾಡಿದರು.

"ಬಿದ್ಯೇನೆ?"

"ಇಲ್ಲ ಅತ್ತೆ."

"ಕಾಲು ನೋವು?"

"ಸ್ವಲ್ಪ ಇದೆ." ಈ ಸಲ ಚೆನ್ನಾಗಿದ್ದೀನಿ ಅಂತ ಹೇಳಲಿಲ್ಲ.

"ಬಿಸಿ ನೀರಾಗೆ ಉಪ್ಪು ಹಾಕಿ ಕಾಲಿಟ್ಟುಕೋ. ಬೂಟು ಕಾಣ್ತಿತ್ತಾ?"

"ಪೂರ್ತಿ ಕಾಣ್ತಿತ್ತು."

"ಫೋಟೊ ಕಳಿಸು ಹಂಗಾದ್ರೆ" ಅಂದು ಫೋನ್ ಇಟ್ಟರು.