ಶಿಬಪುರದಲ್ಲಿ ನಮ್ಮ ಬೈನೆ ಮರ



ಹೂಗ್ಲಿಯಾಚೆ ಶಿಬಪುರದ ಸಸ್ಯೋದ್ಯಾನಕ್ಕೆ ನೀವು ಹೋಗಿಯೇ ಇರುತ್ತೀರಿ. 1787ರಲ್ಲಿ ಆರಂಭವಾದ ಈ ತೋಟದ ದೊಡ್ಡ ಆಲದ ಮರ ನೋಡಿ ಮರಳಿರುತ್ತೀರಿ. ಮುಂದಿನ ಸಲ ತಾಳೆ ಜಾತಿಯ ಮರಗಳ ಕಡೆಗೂ ಹೋಗಿ. ಒಂದೇ ನೇರ ಕಾಂಡ, ಮೀನಿನ ಬಾಲದಂಥ ಎಲೆಗಳು, ಕುದುರೆಯ ಬಾಲದಂತೆ ಜೋತ ಹೂಗೊಂಚಲು ಕಂಡರೆ ನಿಲ್ಲಿ. ಅದೇ ಬೈನೆ, ಪಶ್ಚಿಮ ಘಟ್ಟದ ಮಳೆಕಾಡಿನ ಮರ. ಬುಡದಿಂದ ಹಲವು ಕಾಂಡಗಳೆದ್ದಿದ್ದರೆ ಅದು ಮಲಯದ ಕಡೆಯ ದಾಯಾದಿ!

ಬೈನೆಯ ಬದುಕು ವಿಚಿತ್ರ. ಹಲವು ವರ್ಷ ಹೂವೇ ಬಿಡದೆ ಕಾಂಡದ ತಿರುಳಿನಲ್ಲಿ ಹಿಟ್ಟು ಕೂಡಿಡುತ್ತದೆ. ಮೊದಲ ಗೊಂಚಲು ಮೂಡುವುದು ತುದಿಯಲ್ಲಿ. ಅನಂತರದವು ಒಂದೊಂದಾಗಿ ಅದರ ಕೆಳಗೆ. ಕೊನೆಯ ಗೊಂಚಲು ಹಣ್ಣಾದ ಮೇಲೆ ಮರವೇ ಸಾಯುತ್ತದೆ. ಎಳೆಯ ಗೊಂಚಲನ್ನು ಕೊಯ್ದು ಇಳಿಸಿದ ಸಿಹಿ ರಸವನ್ನು ಕಾಯಿಸಿದರೆ ಬೆಲ್ಲ, ಹುಳಿಯಲು ಬಿಟ್ಟರೆ ಹೆಂಡ. ಹಣ್ಣನ್ನು ಮಾತ್ರ ಮುಟ್ಟಬೇಡಿ, ಕೈಯೆಲ್ಲ ತುರಿಕೆ.

1793ರಿಂದ ಇದೇ ತೋಟದ ಮೇಲ್ವಿಚಾರಕರಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ಬೈನೆ ಹಿಟ್ಟನ್ನು ತಾವೇ ತಿಂದು ನೋಡಿ, ಮಲಯ ದೇಶದ ಸಬ್ಬಕ್ಕಿಗಿಂತ ರುಚಿಯಲ್ಲಿ ಕಡಿಮೆಯಿಲ್ಲವೆಂದು ಬರೆದರು. ಬರಗಾಲದಲ್ಲಿ ಅದು ಜನರ ಹಸಿವು ನೀಗಿಸಿತ್ತು. ಆದರೆ ಆ ಹಿಟ್ಟು ಬೇಕೆಂದರೆ ಮರವನ್ನು ಕಡಿಯಲೇಬೇಕು.

ಚಳಿಗಾಲದಲ್ಲಿ ಈಚಲ ರಸದ ನೊಲೇನ್ ಗುಡ್ ಸವಿಯುವ ನಿಮಗೆ ಬೆಲ್ಲ ಕೊಡುವ ಮರ ಹೊಸದಲ್ಲ. ರಜೆಯಲ್ಲಿ ಮಲೆನಾಡಿಗೋ ಕರಾವಳಿಗೋ ಹೋದಾಗ ಅಜ್ಜ-ಅಜ್ಜಿಯರನ್ನು ಕೇಳಿ: "ಬೈನೆ ಹಿಟ್ಟು ತಿಂದಿದ್ದೀರಾ?" ನಾವು ಕೇಳದಿದ್ದರೆ ಆ ಹಸಿವಿನ ಕಥೆ ಅವರೊಂದಿಗೇ ಹೋಗುತ್ತದೆ.